ಹೀರೋಯಿನ್ ಕ್ಯೂಟ್ ಆಗಿ ಕಾಣೋದು ಹೇಗೆ, ಗಂಡಸರು ಹೋಲಿಸ್ತಾರಾ?

ಹೀರೋಯಿನ್ ತೆರೆ ಮೇಲೆ ಬಂದ ಕೆಲವೇ ಸೆಕೆಂಡಲ್ಲಿ ‘ಎಷ್ಟು ಕ್ಯೂಟ್ ಅಲ್ವಾ’ ಅಂತ ಬಾಯಿಗೆ ಬಂದುಬಿಡುತ್ತೆ. ಆ ಕೆಲವು ಸೆಕೆಂಡಲ್ಲಿ ಆಕೆಯ ಪಾಲೆಷ್ಟು, ಉಳಿದವರ ಪಾಲೆಷ್ಟು? ಇದನ್ನ ಬಿಡಿಸಿ ನೋಡೋಣ, ಆಮೇಲೆ ಗಂಡಸರು ತಮ್ಮ ಸಂಗಾತಿಯನ್ನ ಹೀರೋಯಿನ್‌ಗೆ ಹೋಲಿಸ್ತಾರಾ ಅನ್ನೋ ವಿಷಯಕ್ಕೆ ಬರೋಣ.

1943ರಲ್ಲಿ ಪ್ರಾಣಿಗಳ ವರ್ತನೆ ಅಧ್ಯಯನ ಮಾಡ್ತಿದ್ದ ಕೊನ್ರಾಡ್ ಲೊರೆನ್ಸ್ ಒಂದು ವಿಚಾರ ಮಂಡಿಸಿದರು. ದೊಡ್ಡ ಕಣ್ಣು, ಉಬ್ಬಿದ ಹಣೆ, ತುಂಬಿದ ಕೆನ್ನೆ, ಪುಟ್ಟ ಮೂಗು, ಪುಟ್ಟ ಗಲ್ಲ: ಎಳೆಮಗುವಿನ ಈ ಲಕ್ಷಣ ಎಲ್ಲಿ ಕಂಡ್ರೂ ನಮಗೆ ಮುದ್ದು ಉಕ್ಕುತ್ತೆ. ಕ್ಯಾಮೆರಾ ಕೆಲಸ ಶುರುವಾಗೋದೇ ಇಲ್ಲಿಂದ. ಲೆನ್ಸನ್ನ ಕಣ್ಣಿನ ಮಟ್ಟಕ್ಕಿಂತ ತುಸು ಮೇಲಿಟ್ಟು, ಆಕೆ ತಲೆ ಎತ್ತದೆ ಕಣ್ಣಷ್ಟೇ ಎತ್ತಿ ನೋಡಿದ್ರೆ ಹಣೆ, ಕಣ್ಣು ದೊಡ್ಡದಾಗಿ, ಗಲ್ಲ ಚಿಕ್ಕದಾಗಿ ಕಾಣುತ್ತೆ. ತಲೆಯನ್ನೂ ಎತ್ತಿಬಿಟ್ರೆ ಆ ಲಾಭ ಹೋಯ್ತು. ಅಗಲ ನೋಟದ 24 ಎಂಎಂ ಲೆನ್ಸ್ ಹಾಕಿ ಮುಖದ ಹತ್ತಿರ ಹೋದ್ರೆ ಮೂಗು ದಪ್ಪ. ದೂರದ್ದನ್ನ ಹತ್ತಿರ ತೋರಿಸೋ 85 ಎಂಎಂ ಹಾಕಿ ಒಂದೆರಡು ಮೀಟರ್ ಹಿಂದೆ ಸರಿದ್ರೆ ಅದೇ ಮೂಗು ಹದಕ್ಕೆ ಬರುತ್ತೆ. ನಿಜಕ್ಕೂ ವ್ಯತ್ಯಾಸ ಮಾಡೋದು ದೂರ. ಸೆಲ್ಫಿಯಲ್ಲಿ ಮೂಗು ಮುಂದೆ ಬರೋದೂ ಇದಕ್ಕೇ.

ಲೆನ್ಸಿನ ಪಕ್ಕದಲ್ಲೇ ಒಂದು ಸಣ್ಣ ಲೈಟ್ ಇಡ್ತಾರೆ, ಕಣ್ಣಲ್ಲಿ ಹೊಳೆಯೋ ಚುಕ್ಕಿ ಬರಲಿ ಅಂತ. ಅದಿಲ್ಲದೆ ಬೆಳಕು ಬರೀ ಮೇಲಿಂದ ಬಿದ್ರೆ ಕಣ್ಣು ಗುಳಿಬಿದ್ದ ಹಾಗೆ ಕಂಡು, ಮುಖಕ್ಕೆ ಆಯಾಸ ಬರುತ್ತೆ. ಕೆಳರೆಪ್ಪೆಯ ಒಳಅಂಚಿಗೆ ಕಪ್ಪಿನ ಬದಲು ತಿಳಿಬಣ್ಣದ ಪೆನ್ಸಿಲ್ ಎಳೆದ್ರೆ ಕಣ್ಣು ಅಗಲ ಕಾಣುತ್ತೆ.

ನನ್ನ ಪ್ರಕಾರ ದೊಡ್ಡ ಕೈ ಎಡಿಟರ್‌ದು. ಸೆಕೆಂಡಿಗೆ 48 ಫ್ರೇಮ್ (ಬಿಡಿ ಚಿತ್ರ) ತೆಗೆದು 24ರಲ್ಲಿ ಓಡಿಸಿದ್ರೆ ಒಂದು ಸೆಕೆಂಡಿನ ನಗು ಎರಡು ಸೆಕೆಂಡಾಗುತ್ತೆ. ನಗು ಮುಗಿದು ಮುಖ ಸಡಿಲವಾಗೋ ಮುಂಚೆ ಕಟ್. ತಕ್ಷಣ ಹೀರೋ ಕರಗಿ ನೋಡ್ತಿರೋ ಶಾಟ್. ಏನನ್ನಿಸಬೇಕು ಅಂತ ಆ ಶಾಟೇ ನಮಗೆ ಹೇಳಿಕೊಡುತ್ತೆ. ಬೇಕಿದ್ರೆ ಮ್ಯೂಟ್ ಮಾಡಿ, ಹೀರೋ ಶಾಟ್‌ಗಳನ್ನ ಹಾರಿಸಿ ನೋಡಿ, ಅರ್ಧ ಮೋಡಿ ಇಳಿಯುತ್ತೆ. ನನಗೆ ಬೇಸರ ಇರೋದು ಬರವಣಿಗೆ ಮೇಲೆ: ಪಾತ್ರಕ್ಕೆ ಸ್ವಂತ ನಿರ್ಧಾರ ಒಂದೂ ಕೊಡದೆ, ಎಡವೋದು, ತೊದಲೋದು ಮಾತ್ರ ಕೊಟ್ಟು ಅದನ್ನೇ ಕ್ಯೂಟ್ ಅಂತ ಮಾರೋದು ನಟಿಗೆ ಮಾಡೋ ಅನ್ಯಾಯ.

ಈಗ ಹೋಲಿಕೆ. ಹೌದು, ಗಂಡಸರು ಹೋಲಿಸ್ತಾರೆ. 1980ರಲ್ಲಿ ಮನಶ್ಶಾಸ್ತ್ರಜ್ಞರಾದ ಡಗ್ಲಸ್ ಕೆನ್ರಿಕ್ ಮತ್ತು ಸಾರಾ ಗುಟಿಯರಸ್ ಪ್ರಕಟಿಸಿದ ಅಧ್ಯಯನದಲ್ಲಿ, ಸುಂದರ ನಟಿಯರಿದ್ದ ಟಿವಿ ಸರಣಿ ನೋಡ್ತಿದ್ದ ಯುವಕರು ಸಾಮಾನ್ಯ ಯುವತಿಯೊಬ್ಬಳ ಫೋಟೋಗೆ ಕಡಿಮೆ ಅಂಕ ಕೊಟ್ಟರು. ಆದ್ರೆ ಗಮನಿಸಿ, ಅದು ಅಪರಿಚಿತಳ ಫೋಟೋ. ಪತ್ರಿಕೆಯ ನಗ್ನ ರೂಪದರ್ಶಿಯರ ಚಿತ್ರ ನೋಡಿದ ಗಂಡಸರಿಗೆ ಸಂಗಾತಿ ಮೇಲಿನ ಪ್ರೀತಿಯೇ ತಗ್ಗುತ್ತೆ ಅಂತ 1989ರಲ್ಲಿ ಬಂದ ಮಾತನ್ನ 2017ರಲ್ಲಿ ಬೇರೆ ಸಂಶೋಧಕರು ಮತ್ತೆ ಪರೀಕ್ಷಿಸಿದಾಗ ಆ ಫಲಿತಾಂಶ ಸಿಗಲಿಲ್ಲ.

ಹಾಗಾಗಿ ನೋಡೋದರಿಂದ ಸಂಬಂಧ ಕೆಡುತ್ತೆ ಅಂತ ನಾನು ಒಪ್ಪಲ್ಲ. ಕೆಡಿಸೋದು ಬಾಯಿಬಿಟ್ಟು ಆಡೋ ಮಾತು. ‘ನೀನೂ ಅವಳ ಥರ ಕೂದಲು ಬಿಡು’ ಅಂದಾಗ ಎದುರಿಗಿರೋ ಹೆಂಗಸನ್ನ ನೀವು ಇನ್ನೊಬ್ಬ ಹೆಂಗಸಿಗೆ ಹೋಲಿಸ್ತಿಲ್ಲ. ಹತ್ತಾರು ಟೇಕ್‌ಗಳಲ್ಲಿ ಆರಿಸಿದ ಎರಡು ಸೆಕೆಂಡಿಗೆ ಹೋಲಿಸ್ತಿದ್ದೀರಿ. ಆ ಎರಡು ಸೆಕೆಂಡಿನ ಥರ ದಿನವಿಡೀ ಇರೋಕೆ ಆ ನಟಿಯಿಂದಲೂ ಆಗಲ್ಲ.