ದೊಡ್ಡ ಕಥೆಗೆ ಎಷ್ಟು ಹೆಸರು

ಕೇಳುಗರಿಗೆಲ್ಲ ನಮಸ್ಕಾರ.

"ಅವನ ಹತ್ತಿರ ದಾರಿ ಕೇಳಿದ್ದೇ ತಪ್ಪಾಯ್ತು ಮಾರಾಯ್ರೆ, ದೊಡ್ಡ ಪುರಾಣ ಶುರು ಮಾಡಿಬಿಟ್ಟ!" ಮಡಿಕೇರಿಯ ಬಸ್ ನಿಲ್ದಾಣದಲ್ಲಾಗಲಿ, ಕುಶಾಲನಗರದ ಸಂತೆಯಲ್ಲಾಗಲಿ ಇಂಥ ಮಾತು ಕಿವಿಗೆ ಬೀಳುತ್ತಲೇ ಇರುತ್ತದೆ. ಕೇಳಿದವರು ನಗುತ್ತಾರೆ. ಇದೇ ಪುರಾಣ ಎಂಬ ಹೆಸರನ್ನು 10ನೆಯ ಶತಮಾನದಲ್ಲಿ ಪಂಪ ತನ್ನ ಕಾವ್ಯದ ನೆತ್ತಿಯ ಮೇಲಿಟ್ಟ. ಆದಿಪುರಾಣ ಮೊದಲ ತೀರ್ಥಂಕರನ ಕಥೆ. ರನ್ನನದು ಅಜಿತಪುರಾಣ, ಭೀಮಕವಿಯದು ಬಸವಪುರಾಣ. ಜೈನರಿಗೂ ವೀರಶೈವರಿಗೂ ಬೇಕಾದ ಹೆಸರು ಇಂದು ಬಾಯಿಬಡುಕನಿಗೆ ಬಿರುದಾಗಿದೆ.

ಪುರಾಣವೊಂದಕ್ಕೇ ಈ ಗತಿ ಬಂತೆಂದು ಕೊರಗಬೇಕಿಲ್ಲ. ಹರಿಹರ ಶಿವಶರಣರ ಬದುಕನ್ನು ಹೇಳಲು ರಗಳೆಯನ್ನು ಆರಿಸಿಕೊಂಡ. ನಂಬಿಯಣ್ಣನ ರಗಳೆ, ಬಸವರಾಜದೇವರ ರಗಳೆ ಓದಿದವರಿಗೆ ಅದರ ಓಟ ಗೊತ್ತು. ಮನೆಯಲ್ಲಿ ಮಗು ಊಟಕ್ಕೆ ಹಟ ಮಾಡಿದರೆ ನಾವು ಹೇಳುವುದೇನು? "ಸಾಕು, ರಗಳೆ ಮಾಡಬೇಡ." ಯಕ್ಷಗಾನದ ಪ್ರಸಂಗ ರಾತ್ರಿಯಿಡೀ ಜನರನ್ನು ಕೂರಿಸಿದ್ದು, ಕೇಳದಿದ್ದರೂ ಬಾಯಿ ಹಾಕುವವನು ಅಧಿಕಪ್ರಸಂಗಿ. ಅಣ್ಣತಮ್ಮಂದಿರು ಗಡಿಯ ಬೇಲಿಗೆ ಜಗಳವಾಡಿದರೆ ರಾಮಾಯಣ, ಕೋರ್ಟಿಗೆ ಹೋದರೆ ಮಹಾಭಾರತ. ಹರಿಕಥೆಯ ಪಾಡೂ ಅದೇ. ದೇವರ ಕೋಣೆಯಲ್ಲಿದ್ದ ಮಾತನ್ನು ಅಡುಗೆಮನೆಗೂ ಜಗಲಿಗೂ ಎಳೆದು ತಂದವರು ನಾವು. ಓದಿ ಓದಿ, ಕೇಳಿ ಕೇಳಿ ಸಲಿಗೆ ಬೆಳೆದ ಮೇಲೆ ತಾನೇ ಗೇಲಿ ಮಾಡಲು ಧೈರ್ಯ ಬರುವುದು? ನನಗಂತೂ ಈ ಗೇಲಿ ಇಷ್ಟ. ಯಾರೂ ಗೇಲಿ ಮಾಡದ 'ಮಹಾಕಾವ್ಯ' ಎಂಬ ಮಾತು ಪಾಠಪುಸ್ತಕದ ಹೊರಗೆ ಹೆಚ್ಚು ತಿರುಗಾಡಿದ್ದನ್ನು ನಾನು ಕಂಡಿಲ್ಲ.

ಈ ಹೆಸರುಗಳ ಹುಟ್ಟನ್ನು ಕೆದಕಿದರೆ ಮುಖ್ಯವಾಗಿ ಎರಡು ಒಕ್ಕಲು ಕಾಣುತ್ತವೆ. ಒಂದು 'ಹೇಳುವ' ಒಕ್ಕಲು. ಕಥೆ ಎಂದರೆ ಹೇಳಿದ್ದು, ಆಖ್ಯಾನ ಎಂದರೂ ಹೇಳಿದ್ದೇ. ದೊಡ್ಡ ಕಥೆಯ ಹೊಟ್ಟೆಯಲ್ಲಿ ಸಣ್ಣದಿದ್ದರೆ ಉಪಾಖ್ಯಾನ. ರಾಜ್ಯ ಕಳೆದುಕೊಂಡು ಕಾಡಿನಲ್ಲಿ ಕೂತ ಧರ್ಮರಾಯನಿಗೆ ಬೃಹದಶ್ವ ಮುನಿ ನಳನ ಕಥೆ ಹೇಳಿದನಲ್ಲ, ಅದು ನಳೋಪಾಖ್ಯಾನ. ಗ್ರೀಕರ 'ಎಪೋಸ್' ಎಂದರೂ ನುಡಿದದ್ದು. ಇಂಗ್ಲಿಷಿನ ಎಪಿಕ್ ಅಲ್ಲಿಂದ ಬಂತು. ಐಸ್‌ಲ್ಯಾಂಡಿನವರ 'ಸಾಗಾ' ಕೂಡ ಹೇಳಿದ್ದೇ, ಆದರೆ ಅದು ಗದ್ಯ. ಇನ್ನೊಂದು 'ಹಳೆಯ' ಒಕ್ಕಲು. ಪುರಾಣದ ಅರ್ಥವೇ ಹಳೆಯದು. ಇತಿಹಾಸವನ್ನು ಬಿಡಿಸಿದರೆ 'ಹೀಗಿತ್ತಂತೆ' ಎಂದಾಗುತ್ತದೆ. ಆ 'ಅಂತೆ'ಯನ್ನು ನಮ್ಮ ಶಾಲೆಗಳು ಕಿತ್ತುಹಾಕಿ, ಇಸವಿಗಳನ್ನು ತುಂಬಿ, ರಾಮಾಯಣ ಮಹಾಭಾರತಗಳಿಗಿದ್ದ ಆ ಹೆಸರನ್ನು ಪಾಣಿಪತ್ ಯುದ್ಧಕ್ಕೆ ಕೊಟ್ಟವು.

ಕೊಡವ ತಕ್ಕಿನ, ಎಂದರೆ ಕೊಡವರ ಭಾಷೆಯ, 'ಪಳಮೆ' ಎಂಬ ಮಾತು ಈ ಎರಡನೆಯ ಒಕ್ಕಲಿಗೆ ಸೇರಿದ್ದು. ಹಿಂದಿನಿಂದ ನಡೆದುಬಂದ ನುಡಿ, ನಂಬಿಕೆ, ಕಟ್ಟುಪಾಡು ಎಲ್ಲವೂ ಅದರಲ್ಲಿ ಅಡಗಿವೆ. ನಡಿಕೇರಿಯಂಡ ಚಿಣ್ಣಪ್ಪನವರು ಊರೂರಿನ ಹಾಡುಗಳನ್ನು ಸಂಗ್ರಹಿಸಿ 1924ರಲ್ಲಿ ಅಚ್ಚು ಹಾಕಿಸಿದಾಗ ಪುಸ್ತಕಕ್ಕೆ ಪಟ್ಟೋಲೆ ಪಳಮೆ ಎಂದೇ ಹೆಸರಿಟ್ಟರು. ಹಾಡು ಕೊಡವ ತಕ್ಕಿನದು, ಲಿಪಿ ಕನ್ನಡದ್ದು.

ಆ ಹಾಡು ನಡೆಯುವ ಬಗೆಯನ್ನು ನೋಡಬೇಕು. ನಾಲ್ವರು ದುಡಿ ಎಂಬ ಪುಟ್ಟ ಚರ್ಮವಾದ್ಯ ಹಿಡಿದು ನಿಲ್ಲುತ್ತಾರೆ. ಇಬ್ಬರು ಒಂದು ಸಾಲು ಹಾಡಿದರೆ ಉಳಿದಿಬ್ಬರು ಅದನ್ನು ಎತ್ತಿಕೊಳ್ಳುತ್ತಾರೆ. ಮೊದಲು ಬಾಳಿ ಬದುಕಿ ಎಂಬ ಹಾರೈಕೆ, ದೇವರು, ಸೂರ್ಯಚಂದ್ರ, ಭೂಮಿ. ಆಮೇಲೆ ದೇಶ, ದೇಶದಲ್ಲಿ ಕೊಡಗು. ಹೀಗೆ ಕಿರಿದಾಗುತ್ತ ಬಂದು ಹಾಡು ಮದುವೆಯ ಮನೆಯ ಅಂಗಳಕ್ಕಿಳಿಯುತ್ತದೆ. ಮಹಾಕಾವ್ಯಕ್ಕೆ ಸಮುದ್ರ, ಪರ್ವತ, ಚಂದ್ರೋದಯ ಎಂದು ಹದಿನೆಂಟು ವರ್ಣನೆ ಬೇಕೆಂದು ಹಳೆಯ ಲಾಕ್ಷಣಿಕರು ಪಟ್ಟಿ ಮಾಡಿದರಲ್ಲ, ಇಲ್ಲಿ ಪಟ್ಟಿ ಓದದವರೇ ಅದನ್ನೆಲ್ಲ ದುಡಿಯ ಲಯದಲ್ಲಿ ಮುಗಿಸುತ್ತಾರೆ. ಇದಕ್ಕೆ ಹೆಸರು ಬರೀ ಪಾಟ್. ಪಾಟ್ ಎಂದರೆ ಹಾಡು, ಅಷ್ಟೆ.

ಕೊಡಗಿನ ಅರಮನೆಗೆ ಮಾತ್ರ ಇನ್ನೊಂದು ಹೆಸರು ಹಿಡಿಸಿತು. ದೊಡ್ಡ ವೀರರಾಜೇಂದ್ರ ಹಾಲೇರಿ ವಂಶದ ಕಥೆಯನ್ನು ಬರೆಸಿದ. ಅದು ಕನ್ನಡದಲ್ಲೇ ಇದ್ದರೂ ಹೆಸರು ರಾಜೇಂದ್ರನಾಮೆ. 'ನಾಮೆ' ಪಾರಸಿಯಿಂದ ಬಂದದ್ದು. ಫಿರ್ದೌಸಿಯ ಶಾಹನಾಮೆಯಲ್ಲಿ ಇರುವುದೂ ಇದೇ. ಟಿಪ್ಪುವಿನ ಜೊತೆ ಕಾದಾಡಿದ ದೊರೆ, ತನ್ನ ವಂಶದ ಕಥೆಗೆ ಚರಿತೆ, ವಿಜಯ ಎಂಬ ಹೆಸರುಗಳಿದ್ದರೂ ಪಾರಸಿ ಬಾಲವನ್ನೇ ಅಂಟಿಸಿಕೊಂಡ. ಆಗ ದರ್ಬಾರಿನ ಠೀವಿ ಇದ್ದದ್ದು ಆ ಭಾಷೆಗೆ. ಈಗ ನಾಮೆ ಉಳಿದಿರುವುದು ಕರಾರುನಾಮೆಯಲ್ಲಿ, ರಾಜೀನಾಮೆಯಲ್ಲಿ.

ಇನ್ನು ನಮ್ಮ ದಸರಾ. ವಿಜಯದಶಮಿಯ ರಾತ್ರಿ ಮಡಿಕೇರಿಯಲ್ಲಿ ದಶಮಂಟಪಗಳು ಹೊರಡುತ್ತವೆ. ತಿಂಗಳುಗಳ ಮೊದಲೇ ಯುವಕರ ಬಾಯಲ್ಲಿ ಒಂದೇ ಪ್ರಶ್ನೆ: "ಈ ಸಲ ನಿಮ್ಮ ಮಂಟಪದ ಕಥೆ ಏನು?" ಅಲ್ಲಿ ಪುರಾಣ ಎಂಬ ಮಾತಿಗೆ ಗೇಲಿಯ ಸೋಂಕೇ ಇಲ್ಲ. ಟ್ರ್ಯಾಕ್ಟರ್ ಎಳೆಯುವ ಮಂಟಪದ ಮೇಲೆ ಮನೆಯೆತ್ತರದ ರಾಕ್ಷಸ ಕತ್ತು ಹೊರಳಿಸುತ್ತಾನೆ, ಕಣ್ಣಲ್ಲಿ ಕೆಂಪು ಬಲ್ಬು ಉರಿಯುತ್ತದೆ, ಹೊಗೆಯ ನಡುವಿನಿಂದ ದೇವಿ ಎದ್ದು ಬರುತ್ತಾಳೆ. ಜನರೇಟರ್ ಗುಡುಗುತ್ತಿರುತ್ತದೆ. ಅಧ್ಯಾಯಗಟ್ಟಲೆ ಇರುವ ಕಥೆ ಕೆಲವೇ ನಿಮಿಷಗಳಲ್ಲಿ ಸಂಹಾರಕ್ಕೆ ಬರುತ್ತದೆ. ಮುಂದಿನ ತಿರುವಿನಲ್ಲಿ ಅದೇ ರಾಕ್ಷಸ ಮತ್ತೆ ಎದ್ದು ನಿಲ್ಲುತ್ತಾನೆ. ಕೊರೆಯುವ ಚಳಿಯಲ್ಲಿ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ನಿಂತ ಜನ ಬೆಳಗಿನವರೆಗೆ ಕದಲುವುದಿಲ್ಲ.

ಕಥೆಯನ್ನು ಉಡುವವರೂ ಇಲ್ಲಿದ್ದಾರೆ. ಅಗಸ್ತ್ಯರ ಕಮಂಡಲದಿಂದ ಹೊರಟ ಕಾವೇರಿ ಬಲಮುರಿಯಲ್ಲಿ ಹರಿದ ರಭಸಕ್ಕೆ ಹೆಂಗಸರ ಸೀರೆಯ ನೆರಿಗೆ ಹಿಂದಕ್ಕೆ ಸರಿಯಿತೆಂಬುದು ನಂಬಿಕೆ. ಕೊಡವತಿಯರ ನೆರಿಗೆ ಇಂದಿಗೂ ಹಿಂದೆಯೇ. ಇದು ಪುರಾಣವೋ, ಪಳಮೆಯೋ, ಆಖ್ಯಾನವೋ ಎಂದು ಮದುವೆಮನೆಯಲ್ಲಿ ಯಾರೂ ವಿಂಗಡಿಸಲು ಹೋಗುವುದಿಲ್ಲ.

ನನ್ನ ತಕರಾರು ಇರುವುದು ಗಾಥೆಯ ಮೇಲೆ. ಗಾಥೆ ಎಂದರೆ ಹಾಡುವ ಪದ್ಯ, ಒಳ್ಳೆಯ ಮಾತು. ಆದರೆ ಪತ್ರಿಕೆ ತೆರೆದರೆ ಕಾಣುವುದೆಲ್ಲ ಯಶೋಗಾಥೆ. ಹಂದಿ ಸಾಕಿದವರದು ಯಶೋಗಾಥೆ, ಹೋಂಸ್ಟೇ ಕಟ್ಟಿದವರದೂ ಯಶೋಗಾಥೆ. ಯಾರದೋ ತೋಟದಲ್ಲಿ ಕರಿಮೆಣಸು ಚೆನ್ನಾಗಿ ಬಂದಿದ್ದರೆ ಅದಕ್ಕೆ ಗಾಥೆಯೇನೂ ಬೇಡ. ಮಳೆಗಾಲದಲ್ಲಿ ಬುಡಕ್ಕೆ ನೀರು ನಿಲ್ಲದಂತೆ ಹೇಗೆ ನೋಡಿಕೊಂಡರು, ಸೊರಗು ರೋಗಕ್ಕೆ ಏನು ಮಾಡಿದರು ಎಂದು ನಾಲ್ಕು ಸಾಲು ಬರೆಯಲಿ. ಪಕ್ಕದ ತೋಟದವರು ಕತ್ತರಿಸಿ ಇಟ್ಟುಕೊಳ್ಳುತ್ತಾರೆ.

ನಮಸ್ಕಾರ.