ಫ್ರೇಮ್ ಸೇರಿ ಎಷ್ಟು?

ಕೇಳುಗರೇ, ನಮಸ್ಕಾರ.

ಎಂ.ಎಫ್. ಹುಸೇನ್ 1954ರಲ್ಲಿ 'ಗ್ರಾಮ ಯಾತ್ರಾ' ಅಂತ ಒಂದು ಚಿತ್ರ ಬರೆದರು. ಹೆಚ್ಚುಕಮ್ಮಿ ಹದಿನಾಲ್ಕು ಅಡಿ ಉದ್ದ. ಅದರಲ್ಲಿ ಹಳ್ಳಿ ಬದುಕಿನ 13 ನೋಟಗಳು. ಆಗ ದೆಹಲಿಯಲ್ಲಿದ್ದ ವಿದೇಶಿ ಡಾಕ್ಟರೊಬ್ಬರು ಅದನ್ನು ಕೊಂಡರು. ಮುಂದೆ ಅದು ನಾರ್ವೆಯ ಓಸ್ಲೋದಲ್ಲಿ ಒಂದು ಆಸ್ಪತ್ರೆ ಸೇರಿತು. ದಶಕಗಟ್ಟಲೆ ಕಾರಿಡಾರಿನ ಗೋಡೆ ಮೇಲೆ ತನ್ನ ಪಾಡಿಗೆ ತಾನಿತ್ತು. 2025ರ ಮಾರ್ಚ್‌ನಲ್ಲಿ ನ್ಯೂಯಾರ್ಕಿನ ಕ್ರಿಸ್ಟೀಸ್ ಹರಾಜಿನಲ್ಲಿ ಅದಕ್ಕೆ ಬಂದ ಬೆಲೆ 118 ಕೋಟಿ ರೂಪಾಯಿಗೂ ಜಾಸ್ತಿ! ಬಣ್ಣ ಅದೇ, ಗೆರೆ ಅದೇ. ಅಷ್ಟು ವರ್ಷ ಅದರ ಮುಂದೆ ಓಡಾಡಿದ ಎಷ್ಟು ಜನ ನಿಂತು ನೋಡಿದ್ದರೋ!

ಇನ್ನೊಂದು ತಮಾಷೆ ಕೇಳಿ. ಹತ್ತು ಲಕ್ಷ ಮೀರಿದ ಕೆಲವು ದುಬಾರಿ ವಸ್ತು ಕೊಂಡರೆ 2025ರ ಏಪ್ರಿಲ್‌ನಿಂದ ನಮ್ಮಲ್ಲಿ ಶೇಕಡಾ 1ರಷ್ಟು ತೆರಿಗೆಯನ್ನು ಅಂಗಡಿಯಲ್ಲೇ ಹಿಡಿಯುತ್ತಾರೆ. ಪಟ್ಟಿಯಲ್ಲಿ ಕೈಗಡಿಯಾರ, ಹ್ಯಾಂಡ್‌ಬ್ಯಾಗ್, ತಂಪು ಕನ್ನಡಕ, ರೇಸ್ ಕುದುರೆ ಇವೆ. ಅವುಗಳ ಸಾಲಿನಲ್ಲೇ ಪೇಂಟಿಂಗೂ ಇದೆ, ಶಿಲ್ಪವೂ ಇದೆ. ತೆರಿಗೆಯವರ ಮೇಲೆ ನನಗೇನೂ ಸಿಟ್ಟಿಲ್ಲ. ಆ ಬೆಲೆಗೆ ಚಿತ್ರ ಕೊಳ್ಳುವವರಲ್ಲಿ ಎಷ್ಟೋ ಜನ ಅದನ್ನೂ ಕುದುರೆ ಕೊಂಡ ಹಾಗೇ ಕೊಳ್ಳುತ್ತಾರೆ.

ನಮ್ಮ ನಿಮ್ಮಂಥವರ ವಿಷಯಕ್ಕೆ ಬರೋಣ. ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಚಿತ್ರಕಲಾ ಪರಿಷತ್ತಿನವರು ಜನವರಿಯಲ್ಲಿ ಚಿತ್ರಸಂತೆ ನಡೆಸುತ್ತಾರಲ್ಲ, ಅಲ್ಲಿ ಸುಮ್ನೆ ನಿಂತು ಕಿವಿ ಕೊಡಿ. "ಎಷ್ಟು ದಿನ ಹಿಡೀತು ಬರೆಯೋಕೆ?" "ಫ್ರೇಮ್ ಸೇರಿ ಎಷ್ಟು?" "ಎರಡು ತಗೊಂಡ್ರೆ ಕಮ್ಮಿ ಮಾಡ್ತೀರಾ?" ಮೈಸೂರು ಶೈಲಿಯ ಚಿತ್ರವಾದರೆ ಮೊದಲ ಪ್ರಶ್ನೆ, "ಇದು ನಿಜವಾದ ಚಿನ್ನಾನಾ?" ದೇವಿಯ ಒಡವೆಗಳನ್ನು ಜೆಸ್ಸೋ ಅಂಟಿನಲ್ಲಿ ನಾಜೂಕಾಗಿ ಉಬ್ಬಿಸಿ, ಅದರ ಮೇಲೆ ಚಿನ್ನದ ರೇಕು ಕೂರಿಸಿರುತ್ತಾರೆ. ಉಸಿರು ಬಿಟ್ಟರೆ ಹಾರಿಹೋಗುವಷ್ಟು ತೆಳು ರೇಕು. ಅದರ ಬೆಲೆ ವಿಚಾರಿಸುತ್ತೇವೆ. ಕೂದಲೆಳೆಯಷ್ಟು ಸಣ್ಣ ಕುಂಚದಲ್ಲಿ ಹುಬ್ಬು ತೀಡಿದ ಕೈಯನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಅದೇ ಜನ ದೊಡ್ಡ ಮಾಲ್‌ಗೆ ಹೋದಾಗ, ಲಕ್ಷ ರೂಪಾಯಿಯ ಬ್ಯಾಗ್ ಹೊಲಿಯೋಕೆ ಎಷ್ಟು ದಿನ ಬೇಕಾಯ್ತು ಅಂತ ಕೇಳ್ತಾರಾ? ಚರ್ಮಕ್ಕೆಷ್ಟು, ಜಿಪ್ಪಿಗೆಷ್ಟು ಅಂತ ಬಿಡಿಸಿ ನೋಡ್ತಾರಾ? ಚೌಕಾಸಿಯಂತೂ ದೂರದ ಮಾತು. ಚೀಟಿಯ ಮೇಲಿರುವುದೇ ಕೊನೆ.

ಇದು ಜಿಪುಣತನ ಅಲ್ಲ, ಅಳುಕು ಅನ್ನಿಸುತ್ತದೆ ನನಗೆ. ಬ್ಯಾಗಿನ ಬೆಲೆಯನ್ನು ಊರೆಲ್ಲ ಆಗಲೇ ಒಪ್ಪಿಯಾಗಿದೆ. ಮದುವೆಮನೆಗೆ ಹಿಡಿದುಕೊಂಡು ಹೋದರೆ ಸಾಕು, ಅದರ ಮೇಲಿನ ಗುರುತೇ ಎಲ್ಲವನ್ನೂ ಹೇಳುತ್ತದೆ. ಹೆಸರಿಲ್ಲದ ಕಲಾವಿದರ ಚಿತ್ರವನ್ನು ಇಪ್ಪತ್ತು ಸಾವಿರ ಕೊಟ್ಟು ತಂದಿರಿ ಅನ್ನಿ. ಮನೆಗೆ ಬಂದ ಮಾವನವರು "ಏನಪ್ಪಾ, ಇದಕ್ಕೆ ಅಷ್ಟು ಕೊಟ್ಯಾ?" ಅಂದರೆ ತೋರಿಸೋಕೆ ಯಾವ ಗುರುತೂ ಇಲ್ಲ. "ನನಗೆ ಹಿಡಿಸ್ತು" ಅನ್ನಬೇಕು ಅಷ್ಟೆ. ಅದೊಂದು ಮಾತು ನಾಲಗೆಯ ತುದಿಗೆ ಬರೋಕೆ ಎಷ್ಟು ಕಷ್ಟ, ಅಲ್ವಾ?

ನಾನು ಈಗೀಗ ಬೆಲೆ ಆಮೇಲೆ ಕೇಳುತ್ತೇನೆ. ಮೊದಲು, "ಈ ನೀಲಿ ಇಲ್ಲಿ ಯಾಕೆ ಬಂತು?" ಅನ್ನುತ್ತೇನೆ. ಕೆಲವರು ನನ್ನ ಮುಖ ನೋಡಿ ನಗುತ್ತಾರೆ. ಕೆಲವರು ಕುರ್ಚಿ ಎಳೆದು ಕೂರಿಸಿ ಮಾತಿಗಿಳಿಯುತ್ತಾರೆ. ಅಷ್ಟು ಹೊತ್ತು ಮಾತಾಡಿದವರ ಹತ್ತಿರ ಚೌಕಾಸಿ ಮಾಡೋಕೆ ಬಾಯೇ ಬರುವುದಿಲ್ಲ. ಜೇಬಿಗೆ ಅದರಿಂದ ನಷ್ಟವೇ ಅನ್ನಿ.

ನಮಸ್ಕಾರ.