ಸ್ವಿಚ್ ಒತ್ತಿದರೆ ಲೈಟ್ ಬರಲಿಲ್ಲ

ಶರಣು ಶರಣಾರ್ಥಿ. ಇವತ್ತು ಒಂದು ಕಾರ್ಟೂನ್ ಸಿನಿಮಾ ಬಗ್ಗೆ ಹೇಳುತ್ತೇನೆ. ತಡೀರಿ, ರೇಡಿಯೋ ಬಂದ್ ಮಾಡಬೇಡಿ! ಕಾರ್ಟೂನ್ ಅಂದರೆ ಸಣ್ಣ ಹುಡುಗರದ್ದು ಅನ್ನೋ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ಇದು ದೊಡ್ಡವರದ್ದು.

ಹೆಸರು ‘ವೇಕಿಂಗ್ ಲೈಫ್’. 2001ರಲ್ಲಿ ಅಮೆರಿಕದ ರಿಚರ್ಡ್ ಲಿಂಕ್‌ಲೇಟರ್ ಮಾಡಿದ್ದು. ಮೊದಲು ನಿಜವಾದ ಮನುಷ್ಯರನ್ನೇ ವಿಡಿಯೋ ತೆಗೆದು, ಆಮೇಲೆ ಕಂಪ್ಯೂಟರಿನಲ್ಲಿ ಅದರ ಮೇಲೆಯೇ ಚಿತ್ರ ಬರೆದರು. ಹಾಗಾಗಿ ಗೋಡೆ, ಕುರ್ಚಿ, ಮಾತಾಡುವವನ ಮೂಗು ಎಲ್ಲಾ ತೇಲಾಡುತ್ತವೆ, ಥೇಟ್ ಕನಸಿನ ಹಾಗೆ. ಕಥೆಯ ಹುಡುಗ ಎದ್ದೆ ಅಂದುಕೊಳ್ಳುತ್ತಾನೆ, ಎದ್ದದ್ದೂ ಕನಸೇ. ಅವನಿಗೆ ಒಬ್ಬ ಉಪಾಯ ಹೇಳುತ್ತಾನೆ: ಸ್ವಿಚ್ ಒತ್ತಿ ನೋಡು, ಕನಸಲ್ಲಿ ಬೆಳಕು ಬದಲಾಗಲ್ಲ.

ಈ ಸಿನಿಮಾ ನೋಡಿದ್ದು ನಮ್ಮ ಕಲಬುರಗಿಯ ಮೇ ತಿಂಗಳ ಸೆಕೆಯಲ್ಲಿ. ರಾತ್ರಿ ಮಾಳಿಗೆ ಮೇಲೆ ಮಲಗಿದ್ದೆ. ನೀರಡಿಕೆಯಾಗಿ ಕೆಳಗೆ ಬಂದು ಸ್ವಿಚ್ ಒತ್ತಿದೆ, ಲೈಟ್ ಬರಲಿಲ್ಲ. ಮತ್ತೊಂದು ಒತ್ತಿದೆ, ಅದೂ ಇಲ್ಲ. ಅರೆ, ಇದು ಕನಸು! ಮೈಯೆಲ್ಲಾ ಹಗುರಾಯಿತು ನೋಡಿ. ನನಗೆ ಸಕ್ಕರೆ ಕಾಯಿಲೆ, ಮನೆಯವರು ಶೇಂಗಾ ಹೋಳಿಗೆ ಡಬ್ಬಿಯನ್ನು ಮೇಲಿನ ಮಾಡದಲ್ಲಿ ಬಚ್ಚಿಟ್ಟಿದ್ದರು. ಕನಸಿನ ಹೋಳಿಗೆಗೆ ಸಕ್ಕರೆ ಏರುತ್ತದಾ? ಎರಡು ತಿಂದೆ. ಮೂರನೆಯದು ಕೈಯಲ್ಲಿತ್ತು, ಮುಖಕ್ಕೆ ಬ್ಯಾಟರಿ ಬೆಳಕು ಬಿತ್ತು. “ಕರೆಂಟ್ ಹೋಗ್ಯಾದ್ರೀ. ನೀವೇನ್ ಮಾಡ್ಲಕತ್ತೀರಿ?”

ಈಗ ಹೇಳಿ, ಮೊದಲ ಎರಡನ್ನು ನಾನೇ ಆರಿಸಿ ತಿಂದೆನಾ? ಮೂರನೆಯದಂತೂ ಎಚ್ಚರದಲ್ಲೇ, ಅವರ ಎದುರಿಗೇ ತಿಂದೆ. ಅದು ನನ್ನದೇ ಆಯ್ಕೆ. ನಾನು ಹೇಳೋದು ಇಷ್ಟೇ: ಗೊತ್ತಿದ್ದು ಮಾಡಿದರೆ ಮಾತ್ರ ಅದು ನಿಮ್ಮ ಆಯ್ಕೆ.

ಗಾಜಿನ ಆಚೆಯಿಂದ ಕೈ ತೋರಿಸುತ್ತಿದ್ದಾರೆ, ಟೈಮ್ ಆಯಿತಂತೆ. ಬೇಗ ಹೇಳಿಬಿಡುತ್ತೇನೆ. ಸಿನಿಮಾದಲ್ಲಿ ಒಬ್ಬ ಪ್ರೊಫೆಸರ್ ಕೇಳುತ್ತಾರೆ, ಎಲ್ಲಾ ವಿಜ್ಞಾನದ ನಿಯಮದಂತೆ ನಡೆದರೆ ನಾವು ಯಂತ್ರದೊಳಗಿನ ಹಲ್ಲಿನ ಚಕ್ರ ಇದ್ದ ಹಾಗೆ, ಸುಮ್ನೆ ಹೇಗೋ ನಡೆದುಬಿಟ್ಟರೆ ಅದೂ ನಮ್ಮ ಆಯ್ಕೆಯಲ್ಲ, ಹಾಗಾದರೆ ನಮ್ಮದು ಯಾವುದು ಅಂತ. ಉತ್ತರ ಕೊಡೋದಿಲ್ಲ. ನನ್ನ ಉತ್ತರ ಆಗಲೇ ಹೇಳಿದೆ, ಗೊತ್ತಿದ್ದು ಮಾಡಿದ್ದು! ಕನಸಲ್ಲೂ ಗೊತ್ತಾಗುತ್ತದೆ. 1975ರಲ್ಲಿ ಇಂಗ್ಲೆಂಡಿನಲ್ಲಿ ಕೀತ್ ಹರ್ನ್ ಅನ್ನೋ ಮನೋವಿಜ್ಞಾನಿ ಪ್ರಯೋಗ ಮಾಡಿದರು, ನಿದ್ದೆಯಲ್ಲಿದ್ದವನು ಮೊದಲೇ ಮಾತಾದಂತೆ ಕಣ್ಣನ್ನು ಎಡಕ್ಕೆ ಬಲಕ್ಕೆ ಹೊರಳಿಸಿ ‘ನಾನೀಗ ಕನಸಿನಲ್ಲಿದ್ದೇನೆ’ ಅಂತ ಸುಳಿವು ಕೊಟ್ಟ.

ನೀವೂ ಇವತ್ತು ರಾತ್ರಿ ಸ್ವಿಚ್ ಒತ್ತಿ ನೋಡಿ. ಲೈಟ್ ಬರದಿದ್ದರೆ, ಮೊದಲು ಪಕ್ಕದ ಮನೆಯಲ್ಲಿ ಇದೆಯಾ ನೋಡಿಕೊಳ್ಳಿ.